ಪದವಿಯೂ ಪಾಠದ ಕೊಠಡಿಯೂ: ಫ್ರಾಂಕ್ ಮೆಕೋರ್ಟರ ‘ಟೀಚರ್ ಮ್ಯಾನ್’

ಕನ್ನಡದಲ್ಲಿ ‘ಪದವಿ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ವಿಶ್ವವಿದ್ಯಾನಿಲಯವು ಕೊಡುವ ಬಿರುದೂ ಪದವಿಯೇ. ಮನುಷ್ಯನು ಏರಿ ನಿಲ್ಲುವ ನೆಲೆಯೂ ಪದವಿಯೇ. ಮೊದಲನೆಯದು ಕೈಗೆ ಬಂದರೆ ಎರಡನೆಯದು ತಾನಾಗಿ ಬರುವುದೆಂಬ ನಂಬಿಕೆಯು ಆ ಶಬ್ದದೊಳಗೇ ಅಡಗಿದಂತಿದೆ. ಉಪಾಧ್ಯಾಯರಿರುವ ಮನೆಗಳಿಗೆ ಈ ನಂಬಿಕೆಯು ಹೊಸದಲ್ಲ. ಹಗಲೆಲ್ಲ ಪಾಠ ಹೇಳಿ, ಸಂಜೆ ಮನೆವಾರ್ತೆ ನೋಡಿ, ರಾತ್ರಿ ಮಕ್ಕಳು ಮಲಗಿದ ಮೇಲೆ ದೀಪದ ಮುಂದೆ ತಾವೇ ವಿದ್ಯಾರ್ಥಿಗಳಾಗಿ ಕುಳಿತು, ಹಿಂದೆ ಎಲ್.ಟಿ., ಬಿ.ಟಿ.ಗಳನ್ನೂ ಈಚೆಗೆ ಬಿ.ಎಡ್., ಎಂ.ಎಡ್.ಗಳನ್ನೂ ಮುಗಿಸಿದವರು ಯಾವ ಊರಿನಲ್ಲಿಲ್ಲ? ಅವರಲ್ಲಿ ಸಂಬಳದ ಬಡ್ತಿಗಾಗಿ ಓದಿದವರುಂಟು; ಮುಖ್ಯೋಪಾಧ್ಯಾಯರ ಕುರ್ಚಿಗಾಗಿ ಓದಿದವರುಂಟು; ಓದಿನ ಹಂಬಲವನ್ನು ತಡೆಯಲಾರದೆ ಓದಿದವರೂ ಉಂಟು. ಆದರೆ ಆ ಓದು ಅವರನ್ನು ಏನು ಮಾಡಿತು, ಪರೀಕ್ಷೆ ಮುಗಿದ ಮರುದಿನ ತರಗತಿಯ ಬಾಗಿಲನ್ನು ತೆರೆದವರು ಹಿಂದಿನವರೇ ಆಗಿದ್ದರೋ ಬೇರೆಯವರಾಗಿದ್ದರೋ ಎಂಬ ಪ್ರಶ್ನೆಯನ್ನು ಸಾಹಿತ್ಯವು ಅಪರೂಪವಾಗಿ ಕೇಳಿದೆ. ಕಥೆಗಳಲ್ಲಿ ಉಪಾಧ್ಯಾಯನು ಬಡವನಾಗಿಯೋ ಮಹಾತ್ಮನಾಗಿಯೋ ಹಾಸ್ಯಕ್ಕೆ ವಸ್ತುವಾಗಿಯೋ ಬರುತ್ತಾನಲ್ಲದೆ ಕಲಿಯುವವನಾಗಿ ಬರುವುದು ಕಡಿಮೆ.

ಐರಿಷ್ ವಂಶದ ಅಮೆರಿಕನ್ ಲೇಖಕರಾದ ಫ್ರಾಂಕ್ ಮೆಕೋರ್ಟರು 2005ರಲ್ಲಿ ಪ್ರಕಟಿಸಿದ ‘ಟೀಚರ್ ಮ್ಯಾನ್’ ಎಂಬ ಆತ್ಮಕಥನವು ಈ ಪ್ರಶ್ನೆಯನ್ನು ಕೇಳುವ ಗ್ರಂಥ. ಕೇಳಿದ ಪ್ರಶ್ನೆಗೆ ಅದು ಬಾಯಿಬಿಟ್ಟು ಕೊಡುವ ಉತ್ತರ ಒಂದು; ಅದರ ಪುಟಗಳು ತಾವಾಗಿ ಹೊರಗೆಡಹುವ ಉತ್ತರ ಮತ್ತೊಂದು. ಇವೆರಡರ ನಡುವಣ ಅಂತರವನ್ನು ಗಮನಿಸದೆ ಓದುವವರಿಗೆ ಇದು ಒಳ್ಳೆಯ ನಗೆಯ ಪುಸ್ತಕವಾಗಿ ಮಾತ್ರ ಕಂಡೀತು.

ಗ್ರಂಥಕರ್ತರ ಜೀವನವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ಮೆಕೋರ್ಟರು ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ಬೆಳೆದದ್ದು ಐರ್ಲೆಂಡಿನ ಲಿಮರಿಕ್ ಪಟ್ಟಣದ ಬಡವರ ಓಣಿಗಳಲ್ಲಿ. ಹದಿಮೂರರ ಸುಮಾರಿಗೆ ಶಾಲೆ ತಪ್ಪಿತು. 1949ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಒಂಟಿಯಾಗಿ ಅಮೆರಿಕೆಗೆ ಹಿಂದಿರುಗಿ ಹೋಟೆಲಿನಲ್ಲಿ ಕಸ ಗುಡಿಸಿದರು; ಹಡಗುಕಟ್ಟೆಯಲ್ಲಿ ಮೂಟೆ ಎತ್ತಿದರು; ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕರೆ ಬಂದು ಜರ್ಮನಿಯಲ್ಲಿ ಸೇವೆ ಮಾಡಿದರು. ಸೈನ್ಯದಿಂದ ಬಿಡುಗಡೆಯಾದವರ ವಿದ್ಯಾಭ್ಯಾಸಕ್ಕಾಗಿ ಸರ್ಕಾರವು ಕೊಡುತ್ತಿದ್ದ ನೆರವಿನಿಂದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಅವರ ಬಳಿ ಹೈಸ್ಕೂಲಿನ ಪ್ರಮಾಣಪತ್ರವೂ ಇರಲಿಲ್ಲ. ಓದಿದ ಪುಸ್ತಕಗಳ ಬಲದಿಂದ ಅಧಿಕಾರಿಗಳನ್ನು ಒಪ್ಪಿಸಿ ಒಳಹೊಕ್ಕರು. 1957ರಲ್ಲಿ ಇಂಗ್ಲಿಷ್ ಬೋಧನೆಯ ಪದವಿ ದೊರೆಯಿತು. 1958ರಲ್ಲಿ ಸ್ಟಾಟನ್ ದ್ವೀಪದ ಮೆಕೀ ವೃತ್ತಿಶಿಕ್ಷಣ ಶಾಲೆಯಲ್ಲಿ ಉಪಾಧ್ಯಾಯರಾದರು. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ನ್ಯೂಯಾರ್ಕಿನ ಸಾರ್ವಜನಿಕ ಶಾಲೆಗಳಲ್ಲಿ ದಿನಕ್ಕೆ ಐದು ತರಗತಿಯಂತೆ ದುಡಿದು, 1987ರಲ್ಲಿ ನಿವೃತ್ತರಾದರು. ತಾವು ಪಾಠ ಹೇಳಿದ ವಿದ್ಯಾರ್ಥಿಗಳ ಸಂಖ್ಯೆಯನ್ನು ಅವರು ಸುಮಾರು 12,000 ಎಂದೂ, ನಡೆಸಿದ ತರಗತಿಗಳನ್ನು 33,000 ಎಂದೂ ಲೆಕ್ಕ ಹಾಕಿದ್ದಾರೆ. ಅವರ ಮೊದಲನೆಯ ಪುಸ್ತಕವಾದ ‘ಆ್ಯಂಜೆಲಾಸ್ ಆ್ಯಶಸ್’ ಹೊರಬಂದದ್ದು 1996ರಲ್ಲಿ, ಅರುವತ್ತಾರನೆಯ ವಯಸ್ಸಿನಲ್ಲಿ; ಮರುವರ್ಷವೇ ಅದಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. 2009ರಲ್ಲಿ ಅವರು ತೀರಿಕೊಂಡರು.

ಈ ಮೂವತ್ತು ವರ್ಷಗಳ ನಡುವೆ ಎರಡು ಸಲ ಅವರು ಮತ್ತೆ ವಿದ್ಯಾರ್ಥಿಯಾದರು. ಬ್ರೂಕ್ಲಿನ್ ಕಾಲೇಜಿನಲ್ಲಿ ಓದಿ 1967ರಲ್ಲಿ ಎಂ.ಎ. ಪಡೆದರು. ತರುವಾಯ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಡಾಕ್ಟರ್ ಪದವಿಗಾಗಿ ಹೋಗಿ, ಅದನ್ನು ಪಡೆಯದೆ ಹಿಂದಿರುಗಿದರು. ಪುಸ್ತಕದ ಜೀವಾಳವು ಈ ಎರಡು ಘಟನೆಗಳಲ್ಲಿದೆ ಎಂದರೆ ಅದನ್ನು ಓದಿದ ಅನೇಕರಿಗೆ ಆಶ್ಚರ್ಯವಾಗಬಹುದು. ಏಕೆಂದರೆ ಓದಿದವರ ನೆನಪಿನಲ್ಲಿ ಉಳಿಯುವುದು ಮೊದಲ ದಿನದ ತಿಂಡಿಯ ಪ್ರಸಂಗ.

ಆ ಪ್ರಸಂಗ ಹೀಗಿದೆ. ಕೊಳಾಯಿ ಕೆಲಸ, ಮೋಟಾರು ರಿಪೇರಿ ಮೊದಲಾದವುಗಳನ್ನು ಕಲಿಯಲು ಬಂದ ಹುಡುಗ ಹುಡುಗಿಯರ ಮುಂದೆ ಹೊಸ ಉಪಾಧ್ಯಾಯರು ಬಾಯಿ ಕಟ್ಟಿ ನಿಂತಿರುವಾಗ ಹುಡುಗನೊಬ್ಬನು ತನ್ನ ಬುತ್ತಿಯ ಸ್ಯಾಂಡ್‌ವಿಚ್ಚನ್ನು ಬೀಸಿ ಎಸೆಯುತ್ತಾನೆ. ಅದು ನೆಲಕ್ಕೆ ಬೀಳುತ್ತದೆ. ತರಗತಿಯು ಜಗಳಕ್ಕಾಗಿ ಕಾದಿದೆ. ಮೆಕೋರ್ಟರು ಅದನ್ನು ಎತ್ತಿಕೊಂಡು, ಬಿಚ್ಚಿ, ತಿಂದುಬಿಡುತ್ತಾರೆ. ಮಕ್ಕಳು ಬೆರಗಾಗುತ್ತಾರೆ, ಬಾಗಿಲ ಗಾಜಿನಲ್ಲಿ ಇದನ್ನು ಕಂಡ ಮುಖ್ಯೋಪಾಧ್ಯಾಯರು ಬೆಳಗಿನ ಒಂಬತ್ತು ಗಂಟೆಗೆ ತರಗತಿಯಲ್ಲಿ ಊಟ ಮಾಡುವುದೆಂದರೇನೆಂದು ಹೊರಗೆ ಕರೆದು ಗದರಿಸುತ್ತಾರೆ. ಲಿಮರಿಕ್ಕಿನಲ್ಲಿ ಹಸಿದು ಬೆಳೆದವನು ಅನ್ನವನ್ನು ನೆಲದ ಮೇಲೆ ಬಿಡಲಾರ ಎಂಬ ಸರಳ ಸತ್ಯವು ಈ ಹಾಸ್ಯದ ಬುಡದಲ್ಲಿದೆ. ಅದನ್ನು ವಿವರಿಸಿ ಕೆಡಿಸದೆ ಬಿಟ್ಟಿರುವುದು ಗ್ರಂಥಕರ್ತರ ಹದ.

ಆದರೆ ಇದೇ ಸಂದರ್ಭದಲ್ಲಿ ಅವರು ಮತ್ತೊಂದು ಗುರಿಗೂ ಬಾಣ ಹೂಡುತ್ತಾರೆ. ವಿಶ್ವವಿದ್ಯಾನಿಲಯದ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರು ನಾಲ್ಕು ವರ್ಷ ತತ್ತ್ವಗಳನ್ನು ಬೋಧಿಸಿದರು. ಹಾರಿಬರುವ ತಿಂಡಿಯನ್ನು ಏನು ಮಾಡಬೇಕೆಂದು ಒಬ್ಬರೂ ಹೇಳಲಿಲ್ಲ ಎಂಬುದು ಅವರ ದೂರು. ಪುಸ್ತಕದುದ್ದಕ್ಕೂ ಈ ದೂರು ಬೇರೆ ಬೇರೆ ವೇಷಗಳಲ್ಲಿ ಬರುತ್ತದೆ. ಉಪಾಧ್ಯಾಯರ ವಿಶ್ರಾಂತಿ ಕೊಠಡಿಯಲ್ಲಿ ಎಲ್ಲ ದೇಶಗಳಲ್ಲಿಯೂ ಕೇಳಿಬರುವ ಮಾತು ಇದು. ತರಬೇತಿಯಲ್ಲಿ ಕಲಿತದ್ದನ್ನು ಮರೆತ ಮೇಲೆಯೇ ಪಾಠ ಹೇಳಲು ಬರುವುದೆಂದು ಹಳಬರು ಹೊಸಬರಿಗೆ ಹೇಳುತ್ತಲೇ ಬಂದಿದ್ದಾರೆ. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅದು ಸುಲಭವಾದ ಸತ್ಯ, ಮತ್ತು ಮೆಕೋರ್ಟರಂತಹ ಚತುರರಿಗೆ ಅದು ಅತಿ ಸುಲಭವಾಗಿ ಒದಗುತ್ತದೆ. ಹಾರುವ ತಿಂಡಿಗೆ ಶಾಸ್ತ್ರವಿಲ್ಲವೆಂದು ನಗುವವರು, ಆ ದಿನದ ಮುಂದಿನ ನಲವತ್ತು ನಿಮಿಷಗಳಿಗೆ ಏನು ಆಧಾರವೆಂಬುದನ್ನೂ ಹೇಳಬೇಕಷ್ಟೆ.

ಇದರ ಪರೀಕ್ಷೆಗೆ ರಜಾ ಚೀಟಿಗಳ ಅಧ್ಯಾಯವು ತಕ್ಕದ್ದು. ಪುಸ್ತಕದಲ್ಲಿ ಅತ್ಯುತ್ತಮವಾದದ್ದೂ ಅದೇ. ಗೈರುಹಾಜರಾದ ಮಕ್ಕಳು ತಂದೆತಾಯಿಗಳ ಕೈಬರಹದಲ್ಲಿ ಕಾರಣದ ಚೀಟಿ ತರಬೇಕು. ಮೇಜಿನ ಸೆಳೆಖಾನೆಯಲ್ಲಿ ತುಂಬಿದ್ದ ಚೀಟಿಗಳನ್ನು ಒಂದು ದಿನ ಓದುತ್ತ ಕುಳಿತ ಮೆಕೋರ್ಟರಿಗೆ ಅವುಗಳಲ್ಲಿ ಬಹುಪಾಲು ಮಕ್ಕಳೇ ಬರೆದ ಸುಳ್ಳು ಚೀಟಿಗಳೆಂಬುದು ಹೊಳೆಯುತ್ತದೆ. ಇನ್ನೂರು ಶಬ್ದಗಳ ಪ್ರಬಂಧ ಬರೆಯಿರೆಂದರೆ ನರಳುವ ಅದೇ ಕೈಗಳು ಬೆಂಕಿ, ಪ್ರವಾಹ, ಕೆಟ್ಟ ರೈಲು, ಸತ್ತ ಅಜ್ಜಿ ಇವುಗಳಿಂದ ಎಂತಹ ಕಥೆಗಳನ್ನು ಹೆಣೆದಿವೆ! ಶಿಕ್ಷೆ ಕೊಡುವ ಬದಲು ಅವರು ಆ ಚೀಟಿಗಳನ್ನು ಹೆಸರು ತೆಗೆದು ಬೆರಳಚ್ಚು ಮಾಡಿಸಿ ತರಗತಿಗೆ ಹಂಚಿ, ಅವುಗಳನ್ನು ಒಂದು ಸಾಹಿತ್ಯಪ್ರಕಾರವಾಗಿ ಓದಿಸುತ್ತಾರೆ. ಬಳಿಕ ಆದಮನು ದೇವರಿಗೆ ಬರೆಯುವ ಕ್ಷಮಾಪಣೆಯ ಚೀಟಿಯನ್ನು ಬರೆಯಲು ಹೇಳುತ್ತಾರೆ. ಗಂಟೆ ಬಾರಿಸಿದರೂ ಮಕ್ಕಳು ಲೇಖನಿ ಕೆಳಗಿಡುವುದಿಲ್ಲ.

ಈ ಪಾಠವನ್ನು ಯಾವ ಪ್ರಾಧ್ಯಾಪಕರೂ ಹೇಳಿಕೊಡಲಿಲ್ಲವೆಂಬುದು ನಿಜ. ಆದರೆ ಸುಳ್ಳು ಚೀಟಿಯಲ್ಲಿ ಶೈಲಿಯನ್ನು ಕಾಣುವ ಕಣ್ಣು ಎಲ್ಲಿಂದ ಬಂದಿತು? ಬರಿಯ ಅನುಭವದಿಂದ ಬಂದಿದ್ದರೆ, ಅದೇ ಶಾಲೆಯಲ್ಲಿ ಅವರಿಗಿಂತ ಹೆಚ್ಚು ವರ್ಷ ದುಡಿದು ಅಂತಹವೇ ಚೀಟಿಗಳನ್ನು ಸ್ವೀಕರಿಸುತ್ತಿದ್ದ ಹಳಬರಿಗೆ ಮೊದಲೇ ಬರಬೇಕಾಗಿತ್ತು. ಮೂಟೆ ಹೊರುತ್ತಿದ್ದ ಯುವಕನು ಪದವಿಯ ನೆಪದಿಂದ ವರ್ಷಗಟ್ಟಲೆ ಓದಿದ ಕಾವ್ಯ, ಕಥೆ, ನಾಟಕಗಳು ಆ ಕಣ್ಣಿಗೆ ಅಂಜನವಾದುವೆಂದು ಹೇಳುವುದರಲ್ಲಿ ತಪ್ಪಿಲ್ಲ. ಇನ್ನೂ ಒಂದು ಮಾತು. ಮಗುವಿನ ಸ್ವಂತ ಅನುಭವದಿಂದ ಹೊರಟು ಅದನ್ನೇ ವಿದ್ಯೆಯನ್ನಾಗಿ ಬೆಳೆಯಿಸಬೇಕೆಂಬ ತತ್ತ್ವವನ್ನು ಜಾನ್ ಡ್ಯೂಯಿ ಅವರು ಅದೇ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1904ರಿಂದ ಮುಂದೆ ದೀರ್ಘಕಾಲ ಬೋಧಿಸಿದ್ದರು. ಅವರ ‘ಡೆಮಾಕ್ರಸಿ ಅಂಡ್ ಎಜುಕೇಷನ್’ 1916ರಲ್ಲಿಯೇ ಹೊರಬಂದಿತ್ತು. ರಜಾ ಚೀಟಿಯ ಪಾಠವು ಆ ತತ್ತ್ವದ ಸಾಕ್ಷಾತ್ ಪ್ರಯೋಗ. ಮೆಕೋರ್ಟರು ನಕ್ಕು ತಳ್ಳಿದ ಶಾಸ್ತ್ರವನ್ನು ಅವರಿಗೆ ತಿಳಿಯದೆಯೇ ಅವರ ಕೈಗಳು ಆಚರಿಸುತ್ತಿದ್ದುವು. ಗ್ರಂಥಕರ್ತರು ಈ ಋಣವನ್ನು ಎಲ್ಲಿಯೂ ಒಪ್ಪಿಕೊಂಡಂತೆ ಕಾಣುವುದಿಲ್ಲ. ಇದು ಪುಸ್ತಕದ ಮುಖ್ಯ ದೋಷ.

ಎಂ.ಎ. ಪದವಿಯ ವಿಷಯಕ್ಕೆ ಬಂದಾಗ ಈ ದೋಷವು ಇನ್ನೂ ಸ್ಪಷ್ಟವಾಗುತ್ತದೆ. ಅವರು ಪ್ರೌಢಪ್ರಬಂಧಕ್ಕೆ ಆರಿಸಿಕೊಂಡದ್ದು ಆಲಿವರ್ ಸೇಂಟ್ ಜಾನ್ ಗೋಗರ್ಟಿಯನ್ನು. ಡಬ್ಲಿನ್ನಿನ ಈ ಗೋಗರ್ಟಿ ವೈದ್ಯ, ಕವಿ, ಕ್ರೀಡಾಪಟು, ಶಾಸನಸಭೆಯ ಸದಸ್ಯ, ಮಾತಿನ ಮಲ್ಲ. ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯ ಬಕ್ ಮಲಿಗನ್ ಎಂಬ ಪಾತ್ರಕ್ಕೆ ಮೂಲಪುರುಷ. ಹೋದಲ್ಲೆಲ್ಲ ಗೆದ್ದು ಬರುವ ಇಂತಹವನನ್ನು, ತರಗತಿಯ ಬಾಗಿಲಲ್ಲಿ ಕಾಲು ನಡುಗುವ ಬಡ ಉಪಾಧ್ಯಾಯನು ಏಕೆ ಆರಿಸಿಕೊಂಡ? ಅವನನ್ನು ಓದಿ ಬರೆದರೆ ಅವನ ಥಳಕು ಸ್ವಲ್ಪವಾದರೂ ತನಗೆ ಅಂಟೀತೆಂಬ ಆಸೆಯಿಂದ ಎಂದು ಮೆಕೋರ್ಟರು ಒಪ್ಪಿಕೊಳ್ಳುತ್ತಾರೆ. ಪುಸ್ತಕದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಸ್ಥಳ ಹೆಚ್ಚಿಲ್ಲ. ಮನುಷ್ಯನು ಪದವಿಗಾಗಿ ವಿಷಯವನ್ನು ಆರಿಸುವಾಗ ಒಳಗೆ ತನ್ನ ಕೊರತೆಯನ್ನೇ ಆರಿಸುತ್ತಿರುತ್ತಾನೆ. ಸಂಬಳದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೇರಲು ಹೊರಟವನು ತನ್ನ ಭಯದ ಮುಖವನ್ನು ಕಾಣುವಂತಾಗುತ್ತದೆ. ಓದುಗನು ಇಲ್ಲಿ ನಿಂತು ಇನ್ನೂ ಕೇಳಬಯಸುತ್ತಾನೆ. ಸಂಜೆಯ ಆ ತರಗತಿಗಳು ಹೇಗಿದ್ದುವು? ಹಗಲು ಐದು ತರಗತಿಗಳ ಗದ್ದಲದಿಂದ ದಣಿದವನು ಪುಸ್ತಕವನ್ನು ಹೇಗೆ ಬಿಚ್ಚಿದ? ಗೋಗರ್ಟಿಯಿಂದ ಕೊನೆಗೆ ಏನಾದರೂ ಅಂಟಿತೆ? ಗ್ರಂಥಕರ್ತರು ಕೆಲವು ಪುಟಗಳಲ್ಲಿ ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಗೆದ್ದ ಪದವಿಯಲ್ಲಿ ಹಾಸ್ಯಕ್ಕೆ ಎಡೆ ಕಡಿಮೆ. ಅದಕ್ಕಾಗಿ ಅದರ ಕಥೆಯೂ ಕಡಿಮೆಯಾಯಿತೆಂದು ಕಾಣುತ್ತದೆ.

ಡಬ್ಲಿನ್ನಿನ ಸೋಲನ್ನು ಹೇಳುವಾಗ ಮಾತ್ರ ಅವರ ಲೇಖನಿಯು ತಡವರಿಸುವುದಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಅವರು ಟ್ರಿನಿಟಿ ಕಾಲೇಜಿಗೆ ಹೋದರು. ವಿಷಯ, 1889ರಿಂದ 1911ರವರೆಗಿನ ಐರಿಷ್ ಮತ್ತು ಅಮೆರಿಕನ್ ಸಾಹಿತ್ಯಸಂಬಂಧಗಳು. ಗ್ರಂಥಾಲಯದಲ್ಲಿ ಟಿಪ್ಪಣಿಗಳು ರಾಶಿಬಿದ್ದುವು. ರಾಶಿಯಿಂದ ಒಂದು ವಾದವೂ ಮೇಲೇಳಲಿಲ್ಲ. ಬಾಲ್ಯದಲ್ಲಿ ಟ್ರಿನಿಟಿಯ ಬಾಗಿಲನ್ನು ತಮ್ಮಂತಹವರಿಗಲ್ಲವೆಂದು ತಿಳಿದಿದ್ದ ಕ್ಯಾಥೊಲಿಕ್ ಬಡವರ ಮಗನಿಗೆ ಒಳಗೆ ಹೋದ ಮೇಲೂ ಆ ಬಾಗಿಲು ತೆರೆಯಲಿಲ್ಲ. ಕಾಲವು ಕಳೆಯಿತು, ಕೈ ಬರಿದಾಗಿಯೇ ನ್ಯೂಯಾರ್ಕಿಗೆ ಹಿಂದಿರುಗಿ, ಗೈರುಹಾಜರಾದ ಉಪಾಧ್ಯಾಯರ ಬದಲಿಗೆ ದಿನಗೂಲಿಯಂತೆ ಪಾಠ ಹೇಳುವ ಕೆಲಸಕ್ಕೆ ಇಳಿದರು.

ಇಲ್ಲಿ ಅವರು ಹೇಳದೆ ಬಿಟ್ಟದ್ದನ್ನು ಪುಸ್ತಕದ ಕ್ರಮವೇ ಹೇಳುತ್ತದೆ. ಡಬ್ಲಿನ್ನಿಗೆ ಹೋಗುವ ಮೊದಲಿನ ಮೆಕೋರ್ಟರು ಪಾಠದಿಂದ ಪಾಠಕ್ಕೆ ತಪ್ಪಿಸಿಕೊಂಡು ಓಡುವ ಚತುರರು. ಮಕ್ಕಳು ಲಿಮರಿಕ್ಕಿನ ಕಥೆ ಕೇಳಿ ವ್ಯಾಕರಣವನ್ನು ತಪ್ಪಿಸುತ್ತಾರೆ. ಇವರು ಕಥೆ ಹೇಳಿ ವ್ಯಾಕರಣವನ್ನು ತಪ್ಪಿಸುತ್ತಾರೆ. ಎರಡು ಕಡೆಯವರಿಗೂ ಅದು ಗೊತ್ತಿದೆ, ಇವರಿಗೆ ಅಪರಾಧಭಾವವೂ ಇದೆ. ಡಬ್ಲಿನ್ನಿನಿಂದ ಬಂದ ಮೇಲೆ, ಮ್ಯಾನ್‌ಹಟನ್ನಿನ ಸ್ಟೈವೆಸೆಂಟ್ ಶಾಲೆಯನ್ನು ಸೇರಿದ ಮೇಲೆ ಕಾಣುವವರು ಬೇರೊಬ್ಬರು. ತರಗತಿಯಲ್ಲಿ ಮೌನವಾಗಿ ಕುಳಿತ ಹುಡುಗನ ಮುಂದೆ ಇವರು ಅವಸರಪಡುವುದಿಲ್ಲ. ಬರೆಯಲು ಏನೂ ಇಲ್ಲವೆನ್ನುವವನ ಮಾತನ್ನು ಸೋಮಾರಿತನವೆಂದು ತಳ್ಳುವುದಿಲ್ಲ. ಎದುರಿಗೆ ಬಿಳಿಯ ಕಾಗದವಿದ್ದು ಕೈ ಓಡದಿರುವಾಗ ಒಳಗೆ ಏನಾಗುವುದೆಂಬುದನ್ನು ಗ್ರಂಥಾಲಯದ ಮೇಜಿನ ಮೇಲೆ ಅವರು ತಿಂಗಳುಗಟ್ಟಲೆ ಕಲಿತು ಬಂದಿದ್ದರು. ಡಾಕ್ಟರ್ ಪದವಿ ಕೈಗೆ ಬಂದಿದ್ದರೆ ಕಾಲೇಜಿನ ಪೀಠವೊಂದನ್ನು ಸೇರಿ ಈ ವಿದ್ಯೆಯನ್ನು ಮರೆಯುತ್ತಿದ್ದರೇನೋ. ಇದು ಊಹೆಯೇ ಸರಿ. ಆದರೆ ಪುಸ್ತಕದ ಎರಡನೆಯ ಅರ್ಧದ ಸೌಮ್ಯತೆಗೆ ಇದಕ್ಕಿಂತ ಹೊಂದುವ ಕಾರಣವನ್ನು ಅದರ ಮೊದಲನೆಯ ಅರ್ಧದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

ಅಡಿಗೆಯ ಪುಸ್ತಕದ ಪಾಠವನ್ನು ಈ ಬೆಳಕಿನಲ್ಲಿ ಓದಬೇಕು. ಸ್ಟೈವೆಸೆಂಟಿನ ಮಕ್ಕಳು, ಹಲವು ದೇಶಗಳಿಂದ ಬಂದ ಮನೆತನದವರು, ತಮ್ಮ ತಮ್ಮ ಮನೆಯ ತಿನಿಸುಗಳನ್ನು ಹತ್ತಿರದ ಉದ್ಯಾನಕ್ಕೆ ತಂದು ಹಂಚಿಕೊಂಡು ಉಣ್ಣುತ್ತಾರೆ. ಮರುದಿನಗಳಲ್ಲಿ ಅಡಿಗೆಯ ಪುಸ್ತಕಗಳನ್ನು ತಂದು ವಿಧಾನಗಳನ್ನು ಕವಿತೆಯಂತೆ ಗಟ್ಟಿಯಾಗಿ ಓದುತ್ತಾರೆ, ಯಾರೋ ಒಬ್ಬರಿಗೆ ವಾದ್ಯದ ಜೊತೆ ಸೇರಿಸೋಣವೆಂದು ತೋರುತ್ತದೆ, ತರಗತಿಯು ಸಂಗೀತಸಭೆಯಾಗುತ್ತದೆ. ಇದನ್ನು ಬರಿಯ ಮೋಜೆಂದು ಆಕ್ಷೇಪಿಸುವವರು ಇರಬಹುದು. ಪರೀಕ್ಷೆಗೆ ಇದರಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಯೂ ಅವರಿಗೆ ದೊರೆಯದಿರಲಿಲ್ಲ. ಮೆಕೋರ್ಟರು ತಾವೇ ಆ ಸಂದೇಹದಿಂದ ರಾತ್ರಿ ನಿದ್ದೆಗೆಡುತ್ತಾರೆ. ಸಂದೇಹಪಡುತ್ತಲೇ ಮುಂದುವರಿಯುವ ಧೈರ್ಯವು ಮೆಕೀ ಶಾಲೆಯ ಯುವಕನಲ್ಲಿ ಇರಲಿಲ್ಲ. ತಿನಿಸಿನ ವಸ್ತುವು ಮೊದಲ ದಿನದ ನೆಲದ ಮೇಲಿನ ತಿಂಡಿಯಿಂದ ಈ ಉದ್ಯಾನದ ಊಟದವರೆಗೆ ಪುಸ್ತಕವನ್ನು ಹೊಲಿದಿರುವುದನ್ನು ಗ್ರಂಥಕರ್ತರು ಬೇಕೆಂದೇ ಮಾಡಿದ್ದಾರೋ ಇಲ್ಲವೋ, ಅದು ಸೊಗಸಾಗಿದೆ.

ಗ್ರಂಥದಲ್ಲಿ ಬೇರೆ ಲೋಪಗಳೂ ಇಲ್ಲದಿಲ್ಲ. ನಲವತ್ತು ವರ್ಷಗಳ ಹಿಂದಿನ ಸಂಭಾಷಣೆಗಳು ನಿನ್ನೆ ನಡೆದಂತೆ ಶಬ್ದಶಃ ಬರುತ್ತವೆ. ಬಹಳ ಸಲ ಹೇಳಿ ನಯವಾದ ಕಥೆಗಳೆಂಬುದು ಅವುಗಳ ಮೆರುಗಿನಿಂದಲೇ ತಿಳಿಯುತ್ತದೆ. ತಮ್ಮನ್ನು ತಾವು ಹಳಿದುಕೊಳ್ಳುವ ರೀತಿಯು ಆರಂಭದಲ್ಲಿ ಹಿತವಾದರೂ ಕೊನೆಕೊನೆಗೆ ಒಂದು ಬಗೆಯ ಅಲಂಕಾರವಾಗಿಬಿಡುತ್ತದೆ. ಮನೆಯ ಸಂಸಾರದ ಮಾತು ಬಂದಾಗ ಪುಸ್ತಕವು ತೀರ ತೆಳ್ಳಗಾಗುತ್ತದೆ. ಓದಿಗಾಗಿ ಗಂಡನು ಮನೆಯಿಂದ ದೂರವಿದ್ದಾಗ ಹೆಂಡತಿಯ ಪಾಡು ಏನಾಗಿತ್ತೆಂಬುದನ್ನು ಕೇಳಲು ಯಾವ ಉಪಾಧ್ಯಾಯರ ಮನೆಯವರೂ ಬಯಸುವರು. ಅದಕ್ಕೆ ಇಲ್ಲಿ ಉತ್ತರವಿಲ್ಲ.

ಮೈಸೂರಿನ ಆರ್. ಕೆ. ನಾರಾಯಣರು 1945ರಲ್ಲಿ ಪ್ರಕಟಿಸಿದ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿನ ಕೃಷ್ಣನು ಕಾಲೇಜಿನ ಅಧ್ಯಾಪಕ. ತಾನು ಪಡೆದ ಇಂಗ್ಲಿಷ್ ವಿದ್ಯೆಯು ತನ್ನ ಬಾಳಿಗೆ ಹೊಂದದೆಂದು ಅರಿತು, ಪತ್ನಿಯ ಸಾವಿನ ಬಳಿಕ ಕಾಲೇಜನ್ನು ಬಿಟ್ಟು ಚಿಕ್ಕಮಕ್ಕಳ ಶಾಲೆಗೆ ಬರುತ್ತಾನೆ. ಕೃಷ್ಣನಿಗೆ ಬೆಳವಣಿಗೆಯೆಂದರೆ ಪದವಿಯಿಂದ ಕೆಳಗಿಳಿಯುವುದು. ಆ ಇಳಿತದಲ್ಲಿ ಶಾಂತಿಯಿದೆ, ಸ್ವಲ್ಪ ತಪ್ಪಿಸಿಕೊಳ್ಳುವಿಕೆಯೂ ಇದೆ. ಮೆಕೋರ್ಟರು ಹಾಗೆ ಎಲ್ಲಿಗೂ ತಪ್ಪಿಸಿಕೊಳ್ಳಲಿಲ್ಲ. ಏರಿದ ಪದವಿಯನ್ನೂ ಏರಲಾರದೆ ಹೋದ ಪದವಿಯನ್ನೂ ಹೊತ್ತುಕೊಂಡು ಸೋಮವಾರ ಬೆಳಗ್ಗೆ ಅದೇ ಕೊಠಡಿಗೆ ಮರಳಿದರು. ಉಪಾಧ್ಯಾಯವೃತ್ತಿಯ ದಿನದಿನದ ತೂಕವು ಈ ಕಾರಣದಿಂದ ಅವರ ಪುಸ್ತಕದಲ್ಲಿ ಹೆಚ್ಚಾಗಿ ಅರಿವಾಗುತ್ತದೆ, ಕಲೆಯಲ್ಲಿ ನಾರಾಯಣರದೇ ಮೇಲಾದರೂ.

ಈ ಗ್ರಂಥವು ಕನ್ನಡದಲ್ಲಿ ಓದುವಂತಾಗುವುದು ಉಪಯುಕ್ತ. ರಜಾ ಚೀಟಿಗಳನ್ನು ಅನುವಾದಿಸುವವರಿಗೆ ಕಷ್ಟವಿರದು. ಹೊಟ್ಟೆನೋವು, ಜಾತ್ರೆ, ದೂರದ ಬಂಧುವಿನ ಮರಣ ಇವು ಕನ್ನಡದ ಶಾಲೆಗಳಿಗೂ ಚಿರಪರಿಚಿತ. ಕಷ್ಟವಾಗುವುದು ವ್ಯಾಕರಣದ ಪಾಠ. ಮೆಕೋರ್ಟರು ಒಂದು ಬಾಲ್‌ಪೆನ್ನನ್ನು ಬಿಚ್ಚಿ, ಒಳಗಿನ ಸ್ಪ್ರಿಂಗು ತೆಗೆದರೆ ಲೇಖನಿಯು ಹೇಗೆ ಕೆಲಸ ಮಾಡದೋ ಹಾಗೆಯೇ ಶಬ್ದಗಳು ಸ್ಥಾನ ತಪ್ಪಿದರೆ ವಾಕ್ಯವೂ ಕೆಲಸ ಮಾಡದೆಂದು ತೋರಿಸುತ್ತಾರೆ. ಇಂಗ್ಲಿಷಿನಲ್ಲಿ ಅರ್ಥವು ಶಬ್ದಗಳ ಸ್ಥಾನದಲ್ಲಿರುವುದರಿಂದ ಆ ಪಾಠವು ನಡೆಯಿತು. ಕನ್ನಡದಲ್ಲಿ ‘ರಾಮನು ಭೀಮನನ್ನು ಹೊಡೆದನು’ ಎಂಬ ವಾಕ್ಯವನ್ನು ಹೇಗೆ ಹೊರಳಿಸಿದರೂ ಹೊಡೆದವನು ರಾಮನೇ. ಅನುವಾದಕರು ಸ್ಥಾನವನ್ನು ಬಿಟ್ಟು ವಿಭಕ್ತಿಪ್ರತ್ಯಯವನ್ನು ಕಳಚಬೇಕಾದೀತು; ಆಗ ಹೊಡೆದವರು ಯಾರು, ಹೊಡೆಸಿಕೊಂಡವರು ಯಾರು ಎಂದು ತರಗತಿಯಲ್ಲಿ ಜಗಳವೇಳುವುದು, ಮತ್ತು ಆ ಜಗಳಕ್ಕೆ ಮೆಕೋರ್ಟರ ಒಪ್ಪಿಗೆಯೂ ಇರುತ್ತಿತ್ತು.